ಗಲ್ಲಾಪೆಟ್ಟಿಗೆಯ ಲೆಕ್ಕ, ನೋಡುಗರ ಲೆಕ್ಕ: ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರದ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ಅತಿ ಹೆಚ್ಚು ಹಣ ಗಳಿಸಿದ ಭಾರತೀಯ ಚಲನಚಿತ್ರಗಳ ಶ್ರೇಣಿಪಟ್ಟಿಗಳು ಕಳೆದ ಎರಡು ದಶಕಗಳಲ್ಲಿ ಚಿತ್ರವಿಮರ್ಶೆಯ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿಕೊಂಡಿವೆ. ಚಿತ್ರವೊಂದು ಏನು ಹೇಳಿತು ಎಂಬುದಕ್ಕಿಂತ ಅದು ಎಷ್ಟನೆಯ ಸ್ಥಾನದಲ್ಲಿ ನಿಂತಿತು ಎಂಬುದು ಮೊದಲು ಚರ್ಚೆಗೆ ಬರುತ್ತದೆ. ನೂರು ಕೋಟಿಯ ಕೂಟ, ಸಾವಿರ ಕೋಟಿಯ ಕೂಟ ಎಂಬ ಮಾತುಗಳು ಬಿರುದುಗಳಂತೆ ಬಳಕೆಯಾಗುತ್ತಿವೆ. ಆದರೆ ಈ ಪಟ್ಟಿಗಳನ್ನು ಸಿದ್ಧಪಡಿಸುವಾಗ ಯಾವುದನ್ನು ಎಣಿಸಲಾಯಿತು, ಯಾವುದನ್ನು ಬಿಡಲಾಯಿತು, ಎಣಿಕೆಯ ಘಟಕ ಯಾವುದು ಎಂಬ ಪ್ರಶ್ನೆಗಳು ವಿರಳವಾಗಿ ಏಳುತ್ತವೆ. ಜಾನಪದ ಅಧ್ಯಯನಕ್ಕೆ ಈ ಪ್ರಶ್ನೆಗಳು ಹೊಸವಲ್ಲ. ಒಂದು ಕಥೆಯ ಎಷ್ಟು ಪಾಠಗಳಿವೆ ಎಂದು ಹೇಳುವ ಮೊದಲು ಪಾಠವೆಂದರೆ ಏನು ಎಂಬುದನ್ನು ನಿರ್ಧರಿಸಿಕೊಳ್ಳಬೇಕೆಂಬ ಶಿಸ್ತನ್ನು ಅದು ಆಂಟಿ ಆರ್ನೆಯ 1910ರ ವರ್ಗಸೂಚಿಯ ಕಾಲದಿಂದಲೂ ರೂಢಿಸಿಕೊಂಡು ಬಂದಿದೆ. ಆ ಶಿಸ್ತಿನ ಕಣ್ಣಿನಿಂದ ಗಳಿಕೆಯ ಪಟ್ಟಿಗಳನ್ನು ಪರಿಶೀಲಿಸುವುದು, ಹಾಗೆ ಪರಿಶೀಲಿಸುವಾಗ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರದ ರಂಗಪರಂಪರೆ ಹಾಗೂ ಚಿತ್ರವೀಕ್ಷಣೆಯನ್ನು ಒರೆಗಲ್ಲಾಗಿ ಬಳಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಸರವನ್ನೇ ಆರಿಸಿಕೊಳ್ಳಲು ಕಾರಣವಿದೆ. ಅವಿಭಜಿತ ಗೋಕಾಕ ತಾಲೂಕಿನ ಕುಲಗೋಡವು ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣನ ಊರು. ಅದೇ ಭಾಗದ ಕೌಜಲಗಿಯು ಪಾರಿಜಾತವನ್ನು ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮನ ಊರು. ಹುಕ್ಕೇರಿ ತಾಲೂಕಿನ ಘೋಡಗೇರಿಯು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಸಂಶೋಧನೆಯ ವಿಷಯವಾಗಿಸಿದ, ತಾವೇ ಚಲನಚಿತ್ರಗಳನ್ನೂ ನಿರ್ದೇಶಿಸಿದ ಚಂದ್ರಶೇಖರ ಕಂಬಾರರ ಹುಟ್ಟೂರು. ಗೋಕಾಕ ಜಲಪಾತದ ಬಳಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಥಾಪನೆಯಾದ ಹತ್ತಿಗಿರಣಿಯು ಸಂಬಳ ಎಣಿಸಿ ಪಡೆಯುವ, ಬಿಡುವಿನ ಹೊತ್ತಿಗೆ ದುಡ್ಡು ಕೊಟ್ಟು ಆಟ ನೋಡಬಲ್ಲ ಕಾರ್ಮಿಕ ಪ್ರೇಕ್ಷಕವರ್ಗವೊಂದನ್ನು ಈ ಸೀಮೆಯಲ್ಲಿ ರೂಪಿಸಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದದ್ದು ಬೆಂಗಳೂರಿನಲ್ಲಲ್ಲ. ಹುಕ್ಕೇರಿ, ಸಂಕೇಶ್ವರಗಳಿಗೆ ನೆರೆಯಾದ ಕೊಲ್ಹಾಪುರದ ಸ್ಟುಡಿಯೊದಲ್ಲಿ. ಹೀಗೆ ಟಿಕೆಟ್ಟಿಲ್ಲದ ಆಟ, ಟಿಕೆಟ್ಟಿನ ನಾಟಕ, ಟಿಕೆಟ್ಟಿನ ಸಿನಿಮಾ ಈ ಮೂರನ್ನೂ ಒಂದೇ ತಲೆಮಾರು ನೋಡಿದ ನೆಲವಿದು.

ಗಲ್ಲಾ ಎಂಬ ಶಬ್ದ

ಕನ್ನಡದ ಪತ್ರಿಕೆಗಳು ‘ಬಾಕ್ಸ್ ಆಫೀಸ್’ ಎಂಬುದಕ್ಕೆ ಗಲ್ಲಾಪೆಟ್ಟಿಗೆ ಎಂಬ ಪದವನ್ನು ಬಳಸುತ್ತವೆ. ಫಾರಸಿ ಮೂಲದಿಂದ ಹಿಂದಿ, ಮರಾಠಿಗಳ ಮೂಲಕ ಬಂದ ಗಲ್ಲಾ ಎಂಬುದಕ್ಕೆ ಧಾನ್ಯವೆಂಬ ಅರ್ಥವೂ ಉಂಟು, ಅಂಗಡಿಯ ಹಣದ ಪೆಟ್ಟಿಗೆಯೆಂಬ ಅರ್ಥವೂ ಉಂಟು. ಈ ಎರಡರ್ಥಗಳ ನೆರಳಿನಲ್ಲಿ ಒಂದು ಸಂಗತಿಯನ್ನು ಗಮನಿಸಬಹುದು. ಕಣದಲ್ಲಿ ರಾಶಿ ಅಳೆಯುವಾಗ ರೈತರು ಮೊದಲ ಅಳತೆಯನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಅನಂತರ ‘ಎರಡು’ ಎಂದು ಮುಂದುವರಿಯುತ್ತದೆ. ಎಣಿಕೆಯಲ್ಲಿ ತಪ್ಪೇನೂ ಆಗುವುದಿಲ್ಲ, ಒಂದರ ಜಾಗದಲ್ಲಿ ಒಂದು ಹಾರೈಕೆ ಕುಳಿತಿರುತ್ತದೆ ಅಷ್ಟೆ. ಅಳೆಯುವವನಿಗೂ ಅಳೆಸಿಕೊಳ್ಳುವವನಿಗೂ ಅದು ಗೊತ್ತು. ಚಲನಚಿತ್ರದ ಗಳಿಕೆಯ ಎಣಿಕೆಯಲ್ಲಿಯೂ ಹಾರೈಕೆ ಕುಳಿತಿದೆ. ಅದು ಯಾವ ಸ್ಥಾನದಲ್ಲಿ ಕುಳಿತಿದೆ ಎಂಬುದು ಮಾತ್ರ ಓದುಗನಿಗೆ ತಿಳಿದಿಲ್ಲ.

ಭಾರತದಲ್ಲಿ ಚಿತ್ರಗಳ ಗಳಿಕೆಯನ್ನು ಒಟ್ಟುಗೂಡಿಸಿ ಪ್ರಕಟಿಸುವ ಅಧಿಕೃತ ಸಂಸ್ಥೆಯಿಲ್ಲ. ಫ್ರಾನ್ಸಿನಲ್ಲಿ ಸರ್ಕಾರಿ ಸಂಸ್ಥೆಯೇ ಟಿಕೆಟುಗಳ ಲೆಕ್ಕವಿಡುತ್ತದೆ. ಅಲ್ಲಿ ಚಿತ್ರದ ಯಶಸ್ಸನ್ನು ಹೇಳುವಾಗ ಹಣಕ್ಕಿಂತ ಪ್ರವೇಶಗಳ ಸಂಖ್ಯೆಯೇ ಮೊದಲು ಬರುತ್ತದೆ. ಇಲ್ಲಿಯ ಅಂಕಿಗಳ ಮೂಲ ನಿರ್ಮಾಪಕರ ಘೋಷಣೆ, ವಿತರಕರ ಮಾತು, ವ್ಯಾಪಾರ ಪತ್ರಿಕೆಗಳ ಅಂದಾಜು. ಮೂರೂ ಒಂದೇ ಆಗಿರುವುದಿಲ್ಲ. ಅಂಕಿ ಯಾವ ಜಾತಿಯದು ಎಂಬುದೂ ಸ್ಪಷ್ಟವಿರುವುದಿಲ್ಲ. ಪ್ರೇಕ್ಷಕನು ಕೊಟ್ಟ ಪೂರ್ತಿ ಹಣವೇ ಒಟ್ಟು ಗಳಿಕೆ. ಅದರಲ್ಲಿ ತೆರಿಗೆ ಕಳೆದರೆ ನಿವ್ವಳ. ಅದರಲ್ಲಿ ಚಿತ್ರಮಂದಿರದ ಪಾಲು ಅಥವಾ ಬಾಡಿಗೆ ಕಳೆದರೆ ವಿತರಕನ ಶೇರು. ಈ ಮೂರರ ನಡುವೆ ಅರ್ಧಕ್ಕಿಂತ ಹೆಚ್ಚಿನ ಅಂತರವೂ ಬೀಳಬಹುದು. ಹಳೆಯ ಹಿಂದಿ ಚಿತ್ರಗಳ ಗಳಿಕೆಯನ್ನು ನಿವ್ವಳದಲ್ಲಿ ಹೇಳುವುದು, ಇಂದಿನ ಚಿತ್ರಗಳ ಗಳಿಕೆಯನ್ನು ವಿಶ್ವಾದ್ಯಂತದ ಒಟ್ಟು ಮೊತ್ತದಲ್ಲಿ ಹೇಳುವುದು, ಬಳಿಕ ಇವೆರಡನ್ನು ಒಂದೇ ಪಟ್ಟಿಯಲ್ಲಿ ನಿಲ್ಲಿಸುವುದು ಸೇರಿನಲ್ಲಿ ಅಳೆದ ಜೋಳವನ್ನು ಕಿಲೋದಲ್ಲಿ ತೂಗಿದ ಜೋಳದೊಂದಿಗೆ ಹೋಲಿಸಿದಂತೆ.

ತೆರಿಗೆಯ ದರವೂ ಸ್ಥಿರವಲ್ಲ. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಬರುವ ಮೊದಲು ಕರ್ನಾಟಕದಲ್ಲಿ ಕನ್ನಡ ಚಿತ್ರಗಳಿಗೆ ಮನರಂಜನಾ ತೆರಿಗೆಯ ವಿನಾಯಿತಿಯಿತ್ತು. ಅಂದರೆ ಆ ಕಾಲದಲ್ಲಿ ಅವುಗಳ ಒಟ್ಟು ಗಳಿಕೆಗೂ ನಿವ್ವಳಕ್ಕೂ ಅಂತರ ಅತ್ಯಲ್ಪ. ಅದೇ ಊರಿನ ಅದೇ ಮಂದಿರದಲ್ಲಿ ಓಡಿದ ಹಿಂದಿ ಚಿತ್ರಕ್ಕೆ ಅಂತರ ದೊಡ್ಡದು. 2019ರಿಂದ ನೂರು ರೂಪಾಯಿವರೆಗಿನ ಟಿಕೆಟಿಗೆ ಶೇಕಡಾ 12, ಅದಕ್ಕೂ ಹೆಚ್ಚಿನದಕ್ಕೆ ಶೇಕಡಾ 18 ತೆರಿಗೆಯಿತ್ತು. 2025ರ ಸೆಪ್ಟೆಂಬರ್ 22ರಿಂದ ಕೆಳಗಿನ ದರ ಶೇಕಡಾ 5ಕ್ಕೆ ಇಳಿಯಿತು. ನೂರು ರೂಪಾಯಿಯೊಳಗಿನ ಟಿಕೆಟು ಉಳಿದಿರುವುದು ಮುಖ್ಯವಾಗಿ ತಾಲೂಕು ಕೇಂದ್ರಗಳ ಏಕಪರದೆಯ ಮಂದಿರಗಳಲ್ಲಿ. ಆದ್ದರಿಂದ ಗೋಕಾಕದ ನೂರು ರೂಪಾಯಿಯೂ ಬೆಂಗಳೂರಿನ ಬಹುಪರದೆಯ ನೂರು ರೂಪಾಯಿಯೂ ಪಟ್ಟಿಯಲ್ಲಿ ಒಂದೇ ಎಂದು ಕಂಡರೂ ನಿರ್ಮಾಪಕನ ಕೈಗೆ ಮುಟ್ಟುವಾಗ ಒಂದೇ ಅಲ್ಲ.

ಒಂದು ಚಿತ್ರವೋ ಐದು ಚಿತ್ರವೋ

ಮೊದಲ ತೊಡಕು ಘಟಕದ್ದು. ‘ಕೆ.ಜಿ.ಎಫ್. ಅಧ್ಯಾಯ 2’ 2022ರ ಏಪ್ರಿಲ್ 14ರಂದು ಕನ್ನಡ, ತೆಲುಗು, ತಮಿಳು, ಮಲಯಾಳ, ಹಿಂದಿ ಹೀಗೆ ಐದು ಭಾಷೆಗಳಲ್ಲಿ ತೆರೆಕಂಡಿತು. ವಿಶ್ವಾದ್ಯಂತ ಸುಮಾರು 1,200 ಕೋಟಿ ರೂಪಾಯಿಯ ಗಳಿಕೆ ಅದರ ಹೆಸರಿನಲ್ಲಿ ವರದಿಯಾಗಿದೆ. ಅದರ ದೊಡ್ಡ ಪಾಲು ಹಿಂದಿ ರೂಪದಿಂದ ಬಂದದ್ದು. ಈ ಮೊತ್ತವನ್ನು ಕನ್ನಡ ಚಿತ್ರದ ಗಳಿಕೆ ಎನ್ನಬೇಕೆ? ಹೌದೆಂದರೆ, ಹಿಂದಿಯಲ್ಲಿ ಮಾತ್ರ ಅದನ್ನು ಕೇಳಿದ ಪ್ರೇಕ್ಷಕನು ಕನ್ನಡ ಚಿತ್ರ ನೋಡಿದನೆಂದು ಒಪ್ಪಬೇಕು. ಅಲ್ಲವೆಂದರೆ, ಒಂದು ಚಿತ್ರವನ್ನು ಐದಾಗಿ ಒಡೆಯಬೇಕು. ‘ಕಾಂತಾರ’ದ ಸಂಗತಿ ಇನ್ನೂ ಸೂಕ್ಷ್ಮ. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ಬಂದ ಈ ಚಿತ್ರ ಎರಡು ವಾರಗಳ ಬಳಿಕ ಹಿಂದಿ, ತೆಲುಗು, ತಮಿಳುಗಳಲ್ಲಿಯೂ ಅನಂತರ ಮಲಯಾಳದಲ್ಲಿಯೂ ಬಂತು. ದೈವಾರಾಧನೆಯ ಭಾಷೆಯಾದ ತುಳುವಿನಲ್ಲಿ ಬಂದದ್ದು ಡಿಸೆಂಬರ್‌ನಲ್ಲಿ, ಎಲ್ಲಕ್ಕೂ ಕೊನೆಯಲ್ಲಿ. ಆರಾಧನೆಯ ಮೂಲಭಾಷೆ ಎಣಿಕೆಯಲ್ಲಿ ಬಾಲಂಗೋಚಿಯಾಯಿತು. ಸುಮಾರು 400 ಕೋಟಿಯೆಂದು ಹೇಳಲಾಗುವ ಮೊತ್ತದಲ್ಲಿ ತುಳುವಿನ ಪಾಲನ್ನು ಬೇರೆಯಾಗಿ ಕೇಳಿದವರು ಕಡಿಮೆ.

ಜಾನಪದ ವಿದ್ವಾಂಸರಿಗೆ ಇದು ಪರಿಚಿತ ಸಮಸ್ಯೆ. ಶ್ರೀಕೃಷ್ಣ ಪಾರಿಜಾತವನ್ನೇ ನೋಡಬಹುದು. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿ ಬೆಳೆಸಿದನೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಬಳಿಕ ಪ್ರತಿ ಮೇಳವೂ ದೂತಿಯ ಮಾತುಗಳನ್ನು ತನ್ನ ಊರಿಗೆ ತಕ್ಕಂತೆ ಹಿಗ್ಗಿಸಿತು, ಹೊಸ ಮಟ್ಟುಗಳನ್ನು ಸೇರಿಸಿತು, ಬೆಳಗಿನ ಜಾವ ಸಮೀಪಿಸಿದರೆ ಕೆಲವು ಭಾಗಗಳನ್ನು ಕೈಬಿಟ್ಟಿತು. ಇದು ಒಂದು ಕೃತಿಯೋ, ಎರಡೋ, ಆಡಿದ ರಾತ್ರಿಗಳಷ್ಟೋ? ಉತ್ತರವು ಕೇಳುವವನ ಉದ್ದೇಶವನ್ನು ಅವಲಂಬಿಸಿದೆ. ಕರ್ತೃತ್ವದ ಚರಿತ್ರೆ ಬರೆಯುವವನಿಗೆ ಎರಡು, ಪ್ರದರ್ಶನವನ್ನು ಅಧ್ಯಯನ ಮಾಡುವವನಿಗೆ ಅಸಂಖ್ಯ, ಜಾತ್ರೆಗೆ ಬಂದ ಪ್ರೇಕ್ಷಕನಿಗೆ ಒಂದೇ. ಮೂರೂ ಸರಿಯಾದ ಉತ್ತರಗಳೇ, ಆದರೆ ಒಂದನ್ನು ಹೇಳುತ್ತ ನಡುವೆ ಇನ್ನೊಂದಕ್ಕೆ ಜಾರಬಾರದು. ಗಳಿಕೆಯ ಪಟ್ಟಿಗಳು ಮಾಡುವುದು ಈ ಜಾರಿಕೆಯನ್ನೇ. ಮೊತ್ತ ಕೂಡಿಸುವಾಗ ಐದೂ ಭಾಷೆಯ ರೂಪಗಳು ಒಂದು ಚಿತ್ರ. ‘ಹಿಂದಿಯಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರ’ ಎಂಬ ಪಟ್ಟಿ ಮಾಡುವಾಗ ಅದೇ ಚಿತ್ರ ಸ್ವತಂತ್ರ ಘಟಕ.

ಮರುಬಿಡುಗಡೆಯದೂ ಇದೇ ಬಗೆಯ ತೊಡಕು. ‘ಮೊಘಲ್-ಎ-ಆಜಮ್’ 1960ರಲ್ಲಿ ಬಂದು 2004ರಲ್ಲಿ ಪೂರ್ಣ ವರ್ಣದಲ್ಲಿ ಮತ್ತೆ ಬಂತು. 2018ರಲ್ಲಿ ಅಷ್ಟೇನೂ ಓಡದ ‘ತುಂಬಾಡ್’ 2024ರ ಮರುಬಿಡುಗಡೆಯಲ್ಲಿ ಮೊದಲಿಗಿಂತ ಹೆಚ್ಚು ಗಳಿಸಿತು. ಇವುಗಳ ಎರಡು ಗಳಿಕೆಗಳನ್ನು ಕೂಡಿಸಬೇಕೆ ಬೇಡವೆ ಎಂಬುದಕ್ಕೆ ಪಟ್ಟಿಗಳಲ್ಲಿ ಒಮ್ಮತದ ನಿಯಮವಿಲ್ಲ. ಸಣ್ಣ ಊರುಗಳ ದೃಷ್ಟಿಯಿಂದ ಇದು ಗೌಣ ಪ್ರಶ್ನೆಯಲ್ಲ. ಪ್ರತಿಗಳು ಕೆಲವೇ ಇದ್ದ ಕಾಲದಲ್ಲಿ ರಾಜಕುಮಾರರ ಚಿತ್ರವೊಂದು ಗೋಕಾಕ, ಹುಕ್ಕೇರಿಗಳಂಥ ಊರುಗಳಿಗೆ ತಡವಾಗಿ ಬರುತ್ತಿತ್ತು, ಎರಡು ಮೂರು ವರ್ಷಗಳ ಬಳಿಕ ಮತ್ತೆ ಬರುತ್ತಿತ್ತು, ಜಾತ್ರೆಯ ಡೇರೆಯಲ್ಲಿ ಇನ್ನೊಮ್ಮೆ ಬರುತ್ತಿತ್ತು. ಅಲ್ಲಿಯ ಪ್ರೇಕ್ಷಕನಿಗೆ ಮೊದಲ ಬಿಡುಗಡೆ, ಮರುಬಿಡುಗಡೆ ಎಂಬ ಭೇದವೇ ಇರಲಿಲ್ಲ. ಊರಿಗೆ ಬಂದಾಗಲೇ ಅದು ಹೊಸದು.

ದಿನಗಳ ಲೆಕ್ಕ, ಕೋಟಿಗಳ ಲೆಕ್ಕ

ಕೋಟಿಗಳ ಎಣಿಕೆ ಬರುವ ಮುನ್ನ ದಿನಗಳ ಎಣಿಕೆಯಿತ್ತು. ‘ಬಂಗಾರದ ಮನುಷ್ಯ’ (1972) ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ‘ಶೋಲೆ’ (1975) ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿತು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಬಹುಪರದೆಯ ಮಂದಿರದಲ್ಲಿ ವರ್ಷ ದಾಟಿತು. ಶತದಿನೋತ್ಸವ, ಬೆಳ್ಳಿಹಬ್ಬಗಳು ಅಂದಿನ ಶ್ರೇಣಿಪಟ್ಟಿಗಳು. ಈ ಲೆಕ್ಕವೂ ನಿಷ್ಪಕ್ಷಪಾತವಲ್ಲ. ಅದು ಎಣಿಸಿದ್ದು ಒಂದು ಮಂದಿರದಲ್ಲಿ ಕಳೆದ ದಿನಗಳನ್ನು, ಅದೂ ಹೆಚ್ಚಾಗಿ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಮಂದಿರಗಳಲ್ಲಿ. ಸುತ್ತಣ ಹಳ್ಳಿಗಳ ಜನ ಒಂದೆರಡು ವಾರಗಳಲ್ಲಿ ನೋಡಿ ಮುಗಿಸಿಬಿಡುವ ತಾಲೂಕು ಕೇಂದ್ರದಲ್ಲಿ ಶತದಿನವೆಂಬುದು ಸಾಧ್ಯವೇ ಇಲ್ಲ. ಸಾಧ್ಯವಿಲ್ಲದ ಅಳತೆಗೋಲಿನಿಂದ ಅಳೆದಾಗ ಸಣ್ಣ ಊರು ಯಾವಾಗಲೂ ಸೋತಂತೆಯೇ ಕಾಣುತ್ತದೆ. ಆದರೂ ದಿನಗಳ ಲೆಕ್ಕಕ್ಕೆ ಒಂದು ಗುಣವಿತ್ತು. ಅದು ಹಣದುಬ್ಬರದಿಂದ ಕೆಡುತ್ತಿರಲಿಲ್ಲ. 1972ರ ದಿನಕ್ಕೂ 2006ರ ದಿನಕ್ಕೂ ಇಪ್ಪತ್ನಾಲ್ಕೇ ಗಂಟೆ.

ಕೋಟಿಗಳ ಲೆಕ್ಕಕ್ಕೆ ಈ ಗುಣವಿಲ್ಲ. 1,200 ಕೋಟಿ ರೂಪಾಯಿಯನ್ನು ಸರಾಸರಿ 200 ರೂಪಾಯಿಯ ಟಿಕೆಟಿನಿಂದ ಭಾಗಿಸಿದರೆ ಆರು ಕೋಟಿ ಪ್ರವೇಶಗಳು, 100 ರೂಪಾಯಿಯಿಂದ ಭಾಗಿಸಿದರೆ ಹನ್ನೆರಡು ಕೋಟಿ. ಸರಾಸರಿ ದರ ತಿಳಿಯದೆ ಮೊತ್ತದಿಂದ ಜನರನ್ನು ಕಾಣಲಾಗದು. ಸಾಮಾನ್ಯ ಬೆಲೆಸೂಚ್ಯಂಕದಿಂದ ಹಳೆಯ ಗಳಿಕೆಯನ್ನು ಸರಿದೂಗಿಸುವ ಉಪಾಯವೂ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಟಿಕೆಟಿನ ದರ ಜೋಳದ ದರದೊಂದಿಗೆ ಏರಿದ್ದಲ್ಲ. ಬಹುಪರದೆಗಳು ಬಂದ ಮೇಲೆ ಅದು ನಗರಗಳಲ್ಲಿ ಒಂದು ದಾರಿಯನ್ನು, ತಾಲೂಕುಗಳಲ್ಲಿ ಇನ್ನೊಂದು ದಾರಿಯನ್ನು ಹಿಡಿಯಿತು. ರಾಜ್ಯ ಸರ್ಕಾರವು 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಹೊರತಾಗಿ 200 ರೂಪಾಯಿಯ ಮಿತಿಯನ್ನು ವಿಧಿಸಿದಾಗ ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಆ ವಿವಾದ ಬೆಂಗಳೂರಿನದು. ಗೋಕಾಕದ ನೋಡುಗನಿಗೆ ಇನ್ನೂರು ರೂಪಾಯಿ ಎಂಬುದು ಮಿತಿಯಾಗಿ ಕಾಣುವುದಕ್ಕಿಂತ ಮನೆಮಂದಿಯ ಸಿನಿಮಾ ಖರ್ಚಾಗಿ ಕಾಣುವುದೇ ಹೆಚ್ಚು.

ನಿಯಮ ಬದಲಾದಂತೆ ಮೊದಲ ಸ್ಥಾನವೂ ಬದಲಾಗುತ್ತದೆ. ವಿಶ್ವಾದ್ಯಂತದ ಮೊತ್ತ ತೆಗೆದುಕೊಂಡರೆ ‘ದಂಗಲ್’ (2016) ಮುಂದು; 2017ರಲ್ಲಿ ಚೀನಾದಲ್ಲಿ ಬಂದ ಗಳಿಕೆಯನ್ನು ಬದಿಗಿಟ್ಟರೆ ಅದು ಹಿಂದೆ ಸರಿದು ‘ಬಾಹುಬಲಿ 2’ (2017), ‘ಪುಷ್ಪ 2’ (2024) ಮುಂದೆ ಬರುತ್ತವೆ. ಕನ್ನಡದೊಳಗೂ ಹೀಗೆಯೇ. ಒಟ್ಟು ಮೊತ್ತದಲ್ಲಿ ‘ಕೆ.ಜಿ.ಎಫ್. ಅಧ್ಯಾಯ 2’ ಮೇಲೆ. ಕರ್ನಾಟಕದೊಳಗಿನ ಗಳಿಕೆಯನ್ನು ಮಾತ್ರ ನೋಡಿದರೆ 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ ಅಧ್ಯಾಯ 1’ ಮೇಲೆ. ದಿನಗಳನ್ನು ಎಣಿಸಿದರೆ ಇವೆರಡೂ ಇಲ್ಲ. ಯಾವುದೂ ಸುಳ್ಳಲ್ಲ. ಆದರೆ ನಿಯಮವನ್ನು ಮೊದಲು ಬರೆದು ಪಟ್ಟಿಯನ್ನು ಆಮೇಲೆ ಮಾಡಿದರೆ ಅದು ಸಂಶೋಧನೆ, ಮೆಚ್ಚಿನ ಚಿತ್ರ ಮೇಲೆ ಬರುವ ನಿಯಮವನ್ನು ಆಮೇಲೆ ಹುಡುಕಿದರೆ ಅದು ಬಿರುದಾವಳಿ.

ಆಯೇರಿ ಮತ್ತು ಪರದೆಗೆ ಎಸೆದ ನಾಣ್ಯ

ಬಿರುದಾವಳಿಯನ್ನು ಹಗುರವಾಗಿ ಕಾಣಬೇಕಿಲ್ಲ. ಅದಕ್ಕೂ ತನ್ನದೇ ಆದ ನ್ಯಾಯವಿದೆ. ಸಣ್ಣಾಟ, ಪಾರಿಜಾತಗಳ ಆಟ ನಡೆಯುತ್ತಿರುವಾಗ ಮೆಚ್ಚಿದ ಪ್ರೇಕ್ಷಕನು ಆಯೇರಿ ಮಾಡುತ್ತಾನೆ. ಆಟ ನಿಲ್ಲುತ್ತದೆ, ಕೊಟ್ಟವನ ಹೆಸರು, ಊರು, ಮೊತ್ತಗಳನ್ನು ರಂಗದ ಮೇಲಿಂದ ಎಲ್ಲರಿಗೂ ಕೇಳುವಂತೆ ಸಾರಲಾಗುತ್ತದೆ. ಇಲ್ಲಿ ಹಣದ ಬೆಲೆ ಹಣದಲ್ಲಿ ಮಾತ್ರ ಇಲ್ಲ, ಸಾರುವಿಕೆಯಲ್ಲಿಯೂ ಇದೆ. ಒಬ್ಬನ ಹೆಸರು ಕೇಳಿ ಇನ್ನೊಬ್ಬನು ಹೆಚ್ಚು ಕೊಡುತ್ತಾನೆ. ಕೋಟಿಗಳ ಘೋಷಣೆಯೂ ಇದೇ ಕೆಲಸ ಮಾಡುತ್ತದೆ. ಮೊದಲ ದಿನದ ಗಳಿಕೆಯ ಭಿತ್ತಿಪತ್ರ ಎರಡನೆಯ ದಿನದ ಪ್ರೇಕ್ಷಕನನ್ನು ಕರೆಯುತ್ತದೆ. ವ್ಯತ್ಯಾಸವೆಂದರೆ ಆಯೇರಿಯಲ್ಲಿ ಕೊಟ್ಟವನ ಹೆಸರು ಕೇಳಿಸುತ್ತದೆ, ಕೋಟಿಯಲ್ಲಿ ಪಡೆದವನ ಹೆಸರು ಮಾತ್ರ.

ಆಯೇರಿಯ ಜೊತೆಗೆ ಬೇರೆ ಸಲ್ಲಿಕೆಗಳೂ ಇದ್ದವು. ಊರವರು ಪಟ್ಟಿ ಎತ್ತಿ ಕೂಡಿಸಿದ ಹಣ, ಮೇಳಕ್ಕೆ ಕೊಟ್ಟ ವೀಳ್ಯ, ಊಟ, ದೀಪದ ಎಣ್ಣೆ, ಪಾತ್ರಧಾರಿಗೆ ಮನೆಮನೆಯಿಂದ ಕೇಳಿ ತಂದ ಆಭರಣ, ಸುಗ್ಗಿಯಲ್ಲಿ ಕೊಟ್ಟ ಕಾಳು. ಇವುಗಳಲ್ಲಿ ಯಾವುದನ್ನು ಪಾರಿಜಾತದ ಗಳಿಕೆ ಎನ್ನಬೇಕು? ಹಣವನ್ನು ಮಾತ್ರ ಎಣಿಸಿದರೆ ಕೌಜಲಗಿ ನಿಂಗಮ್ಮನ ಪಾರಿಜಾತವು ಯಾವ ಕಂಪನಿ ನಾಟಕದ ಮುಂದೆಯೂ ನಿಲ್ಲದು. ನೋಡಿದವರನ್ನು ಎಣಿಸಿದರೆ, ಮೂರು ತಲೆಮಾರುಗಳ ರಾತ್ರಿಗಳನ್ನು ಕೂಡಿಸಿದರೆ, ಚಿತ್ರ ಬೇರೆ. ಟಿಕೆಟ್ಟಿಲ್ಲದ ಆಟಕ್ಕೆ ಹಾಜರಿಪಟ್ಟಿ ಇರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಜನಪ್ರಿಯತೆಯ ಚರಿತ್ರೆಯಿಂದ ಹೊರಗುಳಿಯಿತು. ಬೈಲಹೊಂಗಲದ ಪತ್ತಾರ ಮಾಸ್ತರರ ‘ಸಂಗ್ಯಾ ಬಾಳ್ಯಾ’ಕ್ಕೂ ಇದೇ ಗತಿ. ಅದನ್ನು ಆಧುನಿಕ ರಂಗಭೂಮಿ ಎತ್ತಿಕೊಂಡ ಮೇಲಿನ ಪ್ರದರ್ಶನಗಳಿಗೆ ದಾಖಲೆಯಿದೆ, ಅದಕ್ಕೂ ಮೊದಲು ಬಯಲಲ್ಲಿ ನಡೆದವುಗಳಿಗೆ ನೆನಪು ಮಾತ್ರ ಇದೆ.

ಸಿನಿಮಾ ಟಿಕೆಟ್ಟಿನೊಳಗೆ ಬಂದರೂ ಅದರ ಸಲ್ಲಿಕೆಯೆಲ್ಲ ಟಿಕೆಟ್ಟಿನೊಳಗೆ ಬರಲಿಲ್ಲ. ‘ಜೈ ಸಂತೋಷಿ ಮಾ’ (1975) ಇದಕ್ಕೆ ಪ್ರಸಿದ್ಧ ನಿದರ್ಶನ. ‘ಶೋಲೆ’ಯ ವರ್ಷದಲ್ಲಿಯೇ ಬಂದ ಈ ಅಲ್ಪವೆಚ್ಚದ ಚಿತ್ರ ಆ ವರ್ಷದ ದೊಡ್ಡ ಗಳಿಕೆಗಳ ಸಾಲಿನಲ್ಲಿ ನಿಂತಿತು. ಮಂದಿರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಹೋದ ಹೆಂಗಸರು ಪರದೆಗೆ ಹೂವು, ನಾಣ್ಯಗಳನ್ನು ಎಸೆದರು. ಆ ನಾಣ್ಯಗಳು ಯಾವ ನಿವ್ವಳದಲ್ಲಿಯೂ ಇಲ್ಲ. ಅವು ಆಯೇರಿಯೋ ಕಾಣಿಕೆಯೋ ಎಂದು ಜಾನಪದ ವಿದ್ವಾಂಸರು ವಾದಿಸಬಹುದು. ಗಲ್ಲಾಪೆಟ್ಟಿಗೆಗೆ ಅದು ಕಸಬರಿಗೆಯ ವಿಷಯ.

ಗಡಿಯ ಊರು ಯಾರ ಲೆಕ್ಕದಲ್ಲಿ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮಟ್ಟಿಗೆ ಇನ್ನೊಂದು ತೊಡಕಿದೆ. ಅದು ಮೇಲಿನವುಗಳಿಗಿಂತ ಗಂಭೀರವಾದುದು. ಹಿಂದಿ ಚಿತ್ರೋದ್ಯಮವು ದೇಶವನ್ನು ವಿತರಣೆಯ ವಲಯಗಳಾಗಿ ಹಂಚಿಕೊಂಡದ್ದು ಸ್ವಾತಂತ್ರ್ಯಪೂರ್ವದ ಆಡಳಿತ ನಕ್ಷೆಯ ಮೇಲೆ. ಹಳೆಯ ಮುಂಬಯಿ ಪ್ರಾಂತದ ಭಾಗಗಳು ಮುಂಬಯಿ ವಲಯಕ್ಕೆ ಸೇರಿದವು, ಹೈದರಾಬಾದ್ ಸಂಸ್ಥಾನದ ಭಾಗಗಳು ನಿಜಾಮ ವಲಯಕ್ಕೆ ಸೇರಿದವು, ಹಳೆಯ ಸಂಸ್ಥಾನದ ನೆಲ ಮೈಸೂರು ವಲಯವಾಯಿತು. 1956ರ ನವೆಂಬರ್ 1ರಂದು ಕರ್ನಾಟಕದ ಏಕೀಕರಣವಾಯಿತು. ವಿತರಣೆಯ ನಕ್ಷೆ ಏಕೀಕರಣವಾಗಲಿಲ್ಲ. ಬೆಳಗಾವಿ ಜಿಲ್ಲೆಯ ಪ್ರೇಕ್ಷಕನು ಹಿಂದಿ ಚಿತ್ರಕ್ಕೆ ಕೊಟ್ಟ ಹಣ ವ್ಯಾಪಾರ ಪತ್ರಿಕೆಯ ಕೋಷ್ಟಕದಲ್ಲಿ ಮುಂಬಯಿ ವಲಯದ ಸಾಲಿಗೆ ಹೋಗುತ್ತಿತ್ತು, ಅದೇ ಪ್ರೇಕ್ಷಕನು ಮುಂದಿನ ವಾರ ಕನ್ನಡ ಚಿತ್ರಕ್ಕೆ ಕೊಟ್ಟ ಹಣ ಕರ್ನಾಟಕದ ಸಾಲಿಗೆ. ಒಂದೇ ಮಂದಿರ, ಒಂದೇ ಬೆಂಚು, ಒಂದೇ ಕೈ. ಲೆಕ್ಕ ಎರಡು ರಾಜ್ಯಗಳಲ್ಲಿ.

ಇದರ ಪರಿಣಾಮ ಅಂಕಿಗಳಲ್ಲಿಯೇ ಉಳಿಯಲಿಲ್ಲ. ವಲಯದ ಮೈಸೂರು ಎಂಬ ಸಾಲನ್ನು ಕರ್ನಾಟಕವೆಂದು ಓದುವ ರೂಢಿ ಬೆಳೆದುದರಿಂದ ಕರ್ನಾಟಕದಲ್ಲಿ ಯಾವ ಭಾಷೆಯ ಚಿತ್ರಕ್ಕೆ ಎಷ್ಟು ಜನ ಎಂಬ ತೀರ್ಮಾನಗಳು ದಕ್ಷಿಣ ಜಿಲ್ಲೆಗಳ ಅನುಭವದಿಂದ ಹುಟ್ಟಿ ಇಡೀ ರಾಜ್ಯಕ್ಕೆ ಅನ್ವಯವಾದವು. ಬೆಳಗಾವಿ ಸೀಮೆಯ ಪ್ರೇಕ್ಷಕ ಕನ್ನಡ, ಮರಾಠಿ, ಹಿಂದಿ ಮೂರನ್ನೂ ನೋಡುವವನು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಸಿನಿಮಾದಲ್ಲಿ ಹಿಂದಿ ಎಂದು ಅಳುಕಿಲ್ಲದೆ ನಡೆದುಕೊಳ್ಳುವವನು. ಅವನನ್ನು ಭಾಷಾವಾರು ಪಟ್ಟಿಗಳು ಮೂರು ತುಂಡುಗಳನ್ನಾಗಿ ಮಾಡುತ್ತವೆ. ಗಡಿಯ ಬಗೆಗಿನ ಭಾವಾವೇಶದ ಚರ್ಚೆಗಳಲ್ಲಿ ಚಿತ್ರಗಳ ಗಳಿಕೆಯನ್ನು ಸಾಕ್ಷ್ಯವಾಗಿ ಎಳೆದು ತರುವವರು ಈ ತುಂಡುಗಳಲ್ಲಿ ಒಂದನ್ನು ಮಾತ್ರ ಹಿಡಿದಿರುತ್ತಾರೆ ಎಂಬುದನ್ನು ಮರೆಯಬಾರದು.

ಊರಿನೊಳಗಿನ ಲೆಕ್ಕವೂ ಸಡಿಲವಾಗಿಯೇ ಇತ್ತು. ಕರ್ನಾಟಕ ಮನರಂಜನಾ ತೆರಿಗೆ ಅಧಿನಿಯಮವು (1958) ಜಾರಿಯಲ್ಲಿದ್ದ ಕಾಲದಲ್ಲಿ ಸಣ್ಣ ಊರಿನ ಮಂದಿರಗಳಿಗೆ ಟಿಕೆಟ್‌ವಾರು ತೆರಿಗೆಯ ಬದಲು ಪ್ರದರ್ಶನಕ್ಕೆ ಇಷ್ಟೆಂದು ಇಡಿಗಂಟು ಕಟ್ಟುವ ಕ್ರಮವೂ ಇತ್ತು. ಈ ಕ್ರಮದಲ್ಲಿ ತೆರಿಗೆಯ ಕಡತವು ಆಸನಗಳನ್ನು ತಿಳಿಸುತ್ತದೆ, ಅವುಗಳ ಮೇಲೆ ಕುಳಿತವರನ್ನಲ್ಲ. ನೆಲದ ತರಗತಿಯಲ್ಲಂತೂ ಆಸನವೇ ಇಲ್ಲ. ಸಂಚಾರಿ ಟಾಕೀಸುಗಳು ಹಳೆಯ ಪ್ರತಿಯನ್ನು ವಾರಕ್ಕೆ ಇಷ್ಟೆಂದು ಬಾಡಿಗೆಗೆ ತರುತ್ತಿದ್ದವು. ಡೇರೆ ತುಂಬಿದರೂ ಬಿಕೋ ಎಂದರೂ ವಿತರಕನಿಗೆ ಹೋಗುವುದು ಅಷ್ಟೇ. ಹೀಗಾಗಿ ಜಾತ್ರೆಯ ಡೇರೆಯಲ್ಲಿ ನೆಲದ ಮೇಲೆ ಕುಳಿತು ಚಿತ್ರ ನೋಡಿದ ಜನಸಮೂಹ ರಾಷ್ಟ್ರಮಟ್ಟದ ಮೊತ್ತದಲ್ಲಿ ಕೂಡಿಕೊಳ್ಳಲು ದಾರಿಯೇ ಇರಲಿಲ್ಲ. ಹುಕ್ಕೇರಿ ತಾಲೂಕಿನಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದೇಶದಲ್ಲಿಯೇ ಅಪರೂಪದ ಪ್ರಯೋಗ. ಅದರ ಮೀಟರುಗಳು ಮನೆಮನೆಯ ವಿದ್ಯುತ್ತನ್ನು ಯೂನಿಟ್ಟಿನ ಲೆಕ್ಕದಲ್ಲಿ ಅಳೆದವು. ಅದೇ ತಾಲೂಕಿನ ಡೇರೆಗಳಲ್ಲಿ ಎಷ್ಟು ಜನ ಸಿನಿಮಾ ನೋಡಿದರು ಎಂಬುದಕ್ಕೆ ಮೀಟರಿರಲಿಲ್ಲ.

ಕಂಬಾರರ ‘ಕಾಡುಕುದುರೆ’, ‘ಸಂಗೀತಾ’ಗಳಂಥ ಚಿತ್ರಗಳನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ‘ಕಾಡುಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು, ಆ ಹಾಡು ಚಿತ್ರ ನೋಡದವರ ಬಾಯಲ್ಲಿಯೂ ನಿಂತಿತು. ಗಳಿಕೆಯ ಯಾವ ಪಟ್ಟಿಯಲ್ಲಿಯೂ ಈ ಚಿತ್ರಕ್ಕೆ ಸ್ಥಳವಿಲ್ಲ, ಇರಬೇಕೆಂದು ಕೇಳುವುದೂ ಸರಿಯಲ್ಲ. ಆದರೆ ಪ್ರಭಾವ, ಪ್ರಸಾರ, ಗಳಿಕೆ ಈ ಮೂರನ್ನು ಒಂದೇ ಮಾತಿನಲ್ಲಿ ‘ಯಶಸ್ಸು’ ಎಂದು ಕರೆದಾಗ ಆಗುವ ನಷ್ಟ ಇಂಥಲ್ಲಿ ಕಾಣುತ್ತದೆ. 1975ರ ಬಳಿಕ ‘ಶೋಲೆ’ಯ ಸಂಭಾಷಣೆಗಳೇ ಧ್ವನಿಮುದ್ರಿಕೆಯಾಗಿ ಮಾರಾಟವಾದವು, ಆ ಮಾರಾಟವನ್ನು ಚಿತ್ರದ ಗಳಿಕೆಗೆ ಸೇರಿಸುವವರಿಲ್ಲ, ಇಂದು ಮನೆಯ ಪರದೆಗೆ ಮಾರಿದ ಹಕ್ಕಿನ ಹಣವನ್ನು ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ.

ನಿಯಮವಿಲ್ಲದ ಪಟ್ಟಿಯನ್ನು ತಿರಸ್ಕರಿಸಿ ಸುಮ್ಮನಾಗುವುದೂ ಸಂಶೋಧಕನಿಗೆ ಹೇಳಿದ್ದಲ್ಲ. ಗಾದೆಯನ್ನು ಸಂಗ್ರಹಿಸುವವನು ಹೇಳಿದವರು, ಊರು, ತಾರೀಖು, ಸಂದರ್ಭಗಳನ್ನು ಬರೆದುಕೊಳ್ಳುವಂತೆ ಪ್ರತಿ ಅಂಕಿಯ ಜೊತೆಗೂ ಅದು ಒಟ್ಟೋ ನಿವ್ವಳವೋ ಶೇರೋ, ಯಾವ ಭಾಷೆಯ ರೂಪದ್ದು, ಯಾವ ವಲಯದ್ದು, ಎಷ್ಟನೆಯ ಬಿಡುಗಡೆಯದು, ಹೇಳಿದವರು ಯಾರು ಎಂಬ ವಿವರ ಇರಬೇಕು. ವಿವರವಿಲ್ಲದ ಅಂಕಿಯನ್ನು ಐತಿಹ್ಯವೆಂದು ದಾಖಲಿಸಬಹುದು. ಐತಿಹ್ಯಕ್ಕೂ ಅಧ್ಯಯನಯೋಗ್ಯತೆ ಇದ್ದೇ ಇದೆ. ಇದಕ್ಕೆ ಬೇಕಾದ ಮೂಲಸಾಮಗ್ರಿ ಪೂರ್ತಿ ನಾಶವಾಗಿಲ್ಲ. ಪ್ರತಿ ಮಂದಿರವೂ ವಿತರಕನಿಗೆ ದಿನನಿತ್ಯ ಕಳಿಸಬೇಕಾಗಿದ್ದ ಸಂಗ್ರಹವರದಿ, ಅಂದರೆ ರೂಢಿಯ ಮಾತಿನಲ್ಲಿ ಡಿ.ಸಿ.ಆರ್., ತರಗತಿವಾರು ಟಿಕೆಟುಗಳ ಸಂಖ್ಯೆಯನ್ನು ಹೊಂದಿರುತ್ತಿತ್ತು. ಚಿತ್ರದೊಂದಿಗೆ ಊರೂರಿಗೆ ಬಂದು ಗಲ್ಲೆಯ ಬಳಿ ಕೂರುತ್ತಿದ್ದ ವಿತರಕನ ಪ್ರತಿನಿಧಿಯ ಸಹಿ ಅದರ ಮೇಲಿರುತ್ತಿತ್ತು. ಏಕಪರದೆಯ ಮಂದಿರಗಳು ಮುಚ್ಚಿ ಕಲ್ಯಾಣಮಂಟಪ, ವಾಣಿಜ್ಯ ಸಂಕೀರ್ಣಗಳಾಗುತ್ತಿರುವಾಗ ಮೊದಲು ರದ್ದಿಗೆ ಹೋಗುವುದು ಈ ಪುಸ್ತಕಗಳೇ. ಅವುಗಳಲ್ಲಿ ಒಂದೇ ಮಂದಿರದ, ಹತ್ತೇ ವರ್ಷದ ಸಾಲು ದೊರೆತರೂ ನೆಲದ ತರಗತಿಯಲ್ಲಿ ಎಷ್ಟು ಜನ, ಹೆಂಗಸರ ವಿಭಾಗದಲ್ಲಿ ಎಷ್ಟು ಜನ, ಜಾತ್ರೆಯ ವಾರದಲ್ಲಿ ಎಷ್ಟು, ಕಬ್ಬಿನ ಬಿಲ್ಲು ಬಂದ ತಿಂಗಳಲ್ಲಿ ಎಷ್ಟು, ಮರಾಠಿಗೆ ಎಷ್ಟು, ಕನ್ನಡಕ್ಕೆ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಪಾರಿಜಾತದ ಮೇಳಗಳವರ ಮನೆಗಳಲ್ಲಿ ಆಯೇರಿಯ ಚೀಟಿಗಳಿದ್ದರೆ ಅವನ್ನೂ ಇದರ ಪಕ್ಕದಲ್ಲಿಟ್ಟು ಓದಬಹುದು; ಎರಡರಲ್ಲಿಯೂ ಅದೇ ಮನೆತನಗಳ ದುಡ್ಡು, ಅದೇ ಸುಗ್ಗಿಯ ತಿಂಗಳುಗಳು.